ಹೆಬ್ಬೆಟ್ಟಿನಷ್ಟು ಜಾಗ

ಗದಗ ಸ್ಟೇಶನ್ನಿನಿಂದ ಬೇಟಗೇರಿಗೆ ಹೋಗುವ ದಾರಿಯಲ್ಲಿ ತಗಡಿನ ಛಾವಣಿಯ ಒಂದು ಕಾರ್ಖಾನೆ ಇತ್ತು. ಸುತ್ತಲಿನ ಊರುಗಳ ಕಚೇರಿ, ಶಾಲೆ, ಅಂಗಡಿಗಳಿಗೆಲ್ಲ ಅಲ್ಲಿಂದಲೇ ಬೋರ್ಡುಗಳು ಹೋಗುತ್ತಿದ್ದವು. ಎರಡು ಮಳೆಗಾಲಕ್ಕೆ ಸುಲಿದುಹೋಗುವ ಬಣ್ಣದ ಬೋರ್ಡಲ್ಲ. ಕಬ್ಬಿಣದ ತಗಡಿನ ಮೇಲೆ ಗಾಜು ಕರಗಿಸಿ ಕೂರಿಸಿದ ಎನಾಮೆಲ್ ಬೋರ್ಡು. ಊರಿಗೆಲ್ಲ ಬೋರ್ಡು ಕೊಡುವ ಆ ಕಾರ್ಖಾನೆಯ ಬಾಗಿಲಿಗೆ ಮಾತ್ರ ಬೋರ್ಡಿರಲಿಲ್ಲ. ಮಾಲೀಕರಾದ ಖಾಸಿಂಸಾಬರನ್ನು ಕೇಳಿದರೆ, "ಹೊಗಿ ಕಾಣಸ್ತೈತಲ್ಲ, ಸಾಕು" ಅನ್ನುತ್ತಿದ್ದರು.

ನಾನು ಹುಲಗಪ್ಪ, ಅಲ್ಲಿ ಭಟ್ಟಿ ನೋಡಿಕೊಳ್ಳುವವನು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ದಿನವಿಡೀ ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಂತವನು ತಣ್ಣಗಿರಬೇಕು ಅಂದರೆ ಹೇಗೆ? ಕಲ್ಲಿದ್ದಲು ತಂದವನ ಮೇಲೆ, ತಗಡು ಕೊಯ್ದವನ ಮೇಲೆ, ಸುಮ್ಮನೆ ಹಾದುಹೋದವನ ಮೇಲೂ ಹರಿಹಾಯುತ್ತಿದ್ದೆ. ಇಷ್ಟೆಲ್ಲ ಬಾಯಿ ಇದ್ದವನಿಗೆ, ಬಾಯಿ ನಿಜವಾಗಿ ಬೇಕಾದ ದಿನ ಅದು ಕೈಕೊಟ್ಟಿತು.

ನಮ್ಮ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಬ್ಬಿಣದ ತಗಡನ್ನು ಸುಟ್ಟು ಎಣ್ಣೆಜಿಡ್ಡು ತೆಗೆಯಬೇಕು, ತೇಜಾಬಿನಲ್ಲಿ, ಅಂದರೆ ಆಮ್ಲದಲ್ಲಿ, ಅದ್ದಬೇಕು, ಸೋಡಾ ನೀರಿನಲ್ಲಿ ತೊಳೆಯಬೇಕು. ಗಾಜನ್ನು ಹಿಟ್ಟಿನ ಹಾಗೆ ಬೀಸಿ, ಒಂದಿಷ್ಟು ಮಣ್ಣು ನೀರು ಬೆರೆಸಿ, ಅಂಬಲಿಯ ಹದಕ್ಕೆ ತರಬೇಕು. ತಗಡನ್ನು ಅದರಲ್ಲಿ ಅದ್ದಿ, ಒಣಗಿಸಿ, ಭಟ್ಟಿಗೆ ಹಾಕಬೇಕು. ಒಳಗೆ ಆ ಪುಡಿ ಕರಗಿ, ಕಬ್ಬಿಣದ ಮೈಮೇಲೆ ಹರಡಿ, ಅದನ್ನು ಕಚ್ಚಿಕೊಳ್ಳುತ್ತದೆ. ಮೊದಲು ಕಪ್ಪುನೀಲಿ ಲೇಪ, ಅದರ ಮೇಲೆ ಬಿಳಿ, ಕೊನೆಗೆ ನೀಲಿ ಅಕ್ಷರ. ಪ್ರತಿ ಲೇಪಕ್ಕೂ ಒಂದೊಂದು ಸಲ ಭಟ್ಟಿ.

ಹೇಳಲು ಸುಲಭ. ಗಾಜಿಗೂ ಕಬ್ಬಿಣಕ್ಕೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಖಾಸಿಂಸಾಬರು ಮುಂಬಯಿಯಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿ ಕಲಿತು ಬಂದವರು. ಹೊಸಬರು ಯಾರೇ ಬರಲಿ, ಅವರಿಗೆ ಒಂದೇ ಪಾಠ: "ಫಳಫಳ ಹೊಳಿಯೋ ಕಬ್ಬಿಣದ ಮ್ಯಾಲೆ ಗಾಜು ಕೂಡಂಗಿಲ್ಲ, ಹನಿ ಹನಿ ಆಗಿ ಜಾರ್ತೈತಿ. ನಡುವ ಒಂದೀಟs ಒಂದೀಟು ಕಿಲುಬು ಬೇಕು. ಗಾಜು ಆ ಕಿಲುಬ ತಿಂದು, ಅದರ ಗುಂಟ ಕಬ್ಬಿಣದ ಕೈ ಹಿಡಿತೈತಿ. ಕಿಲುಬು ಅಂದ್ರ ಹೆಣ್ಣು ಗಂಡಿನ ನಡುವಿನ ಹಿರ್ಯಾ ಇದ್ದಂಗ. ಅಂವಾ ಇಲ್ಲಂದ್ರ ಮದುವಿ ಕೂಡಂಗಿಲ್ಲ. ಅಂವನ ಮಾತs ಹೆಚ್ಚಾತೋ, ಕೂಡಿದ್ದೂ ಮುರಿತೈತಿ."

ಇನ್ನೊಂದು ಕಾನೂನು ಇತ್ತು. ತೊಳೆದ ತಗಡನ್ನು ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಬೆರಳಿನ ಜಿಡ್ಡು ತಾಗಿದ ಜಾಗದಿಂದ ಗಾಜು ಹಿಂದೆ ಸರಿಯುತ್ತದೆ. ಭಟ್ಟಿಯಿಂದ ಹೊರಗೆ ತೆಗೆದರೆ ಅಲ್ಲಿ ಬೆರಳಿನಷ್ಟೇ ಬೋಳು. ಹಾಗಾಗಿ ಕೈಗೆ ಅರಿವೆ ಸುತ್ತಿಕೊಂಡೇ ಕೆಲಸ. ಮತ್ತು ಕಾರ್ಖಾನೆಯೊಳಗೆ ಮಿರ್ಚಿ, ಅಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಭಜಿ, ಬಂದ್. ಗದಗಿನಲ್ಲಿ ಹುಟ್ಟಿದವನಿಗೆ ಮಧ್ಯಾಹ್ನ ಮಿರ್ಚಿ-ಗಿರ್ಮಿಟ್ ಬೇಡ ಅನ್ನುವುದು ಯಾವ ನ್ಯಾಯ ಅಂತ ನಾನು ಎಷ್ಟು ಸಲ ಜಗಳಾಡಿದ್ದೇನೋ. ಖಾಸಿಂಸಾಬರು ಬಗ್ಗಲಿಲ್ಲ. "ಹೊರಗ ತಿಂದು, ಸೀಗಿಪುಡಿ ಹಚ್ಚಿ ಕೈ ತೊಳಕೊಂಡು ಒಳಗ ಬಾ" ಅನ್ನುತ್ತಿದ್ದರು.

ಗಾಜು ಬೀಸುವವಳು ಉಡಚವ್ವ. ಸೊರಟೂರಿನವಳು. ಮದುವೆಯಾದ ಎರಡನೇ ವರ್ಷಕ್ಕೆ ಕಾಲರಾದಲ್ಲಿ ಗಂಡ ತೀರಿಕೊಂಡ. ಆಮೇಲೆ ಬೇಟಗೇರಿಯ ಸೋದರತ್ತೆಯ ಮನೆಯಲ್ಲಿ ಇದ್ದಳು. ನಮ್ಮ ಪೈಕಿಯವಳೇ. ನಮ್ಮ ಜನರಲ್ಲಿ ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಅಡ್ಡಿಯಿಲ್ಲ; ವಾಜಂತ್ರಿ ಇಲ್ಲದೆ, ನಾಲ್ಕು ಜನ ಹಿರಿಯರ ಎದುರು ಸೀರೆ ಉಡಿಸಿದರೆ ಆಯಿತು, ಅದಕ್ಕೆ ಉಡಕಿ ಅನ್ನುತ್ತಾರೆ. ಕೇಳುವವರು ಬೇಕು, ಅಷ್ಟೇ.

ಅವಳು ಗಾಜಿನ ಅಂಬಲಿಯಲ್ಲಿ ಒಂದು ಬೆರಳು ಅದ್ದಿ ಎತ್ತಿ, ಅದು ಇಳಿಯುವುದನ್ನು ನೋಡಿ, "ಇನ್ನಾ ಒಂದು ಚರಿಗಿ ನೀರು" ಅಥವಾ "ಆತು, ಅದ್ರಿ" ಅನ್ನುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ. ಎಲ್ಲರೂ ನನ್ನ ಬಾಯಿಗೆ ಹೆದರುತ್ತಿದ್ದರು, ಇವಳೊಬ್ಬಳು ಹೆದರುತ್ತಿರಲಿಲ್ಲ. ನಾನು ಕೂಗಾಡಿದರೆ, "ಭಟ್ಟಿ ಒಂದು ಸಾಲ್ದು ಅಂತ ಎರಡ ಹಚ್ಯಾರ ನೋಡ್ರಿ ಸಾಬ್ರು" ಅನ್ನುತ್ತಿದ್ದಳು. ಎಲ್ಲರೂ ನಗುವರು. ನನ್ನ ಸಿಟ್ಟು ಎಲ್ಲಿಗೋ ಹೋಗಿಬಿಡುತ್ತಿತ್ತು. ಅವಳು ಒಂದು ದಿನ ಬರದಿದ್ದರೆ ಬೀಸುವ ಕಲ್ಲಿನ ಸದ್ದಿಲ್ಲದೆ ನನಗೆ ಕೆಲಸ ಓಡುತ್ತಿರಲಿಲ್ಲ. ಸುತ್ತಿ ಬಳಸಿ ಏಕೆ ಹೇಳಲಿ, ಅವಳೆಂದರೆ ನನಗೆ ಜೀವ.

ಅದನ್ನು ಹೇಳಿದೆನೇ? ಇಲ್ಲ. ಮಿರ್ಚಿ ತಂದುಕೊಟ್ಟೆ. ಮಧ್ಯಾಹ್ನ ಸ್ಟೇಶನ್ನಿನ ಹತ್ತಿರ ಹೋಗಿ, ಮುತ್ತಲ ಎಲೆಯಲ್ಲಿ ಎರಡು ಮಿರ್ಚಿ ಕಟ್ಟಿಸಿಕೊಂಡು, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಬಂದು, ಹಿತ್ತಲಿನ ಬೇವಿನ ಗಿಡದ ಕೆಳಗೆ ಅವಳಿಗೆ ಕೊಡುತ್ತಿದ್ದೆ. ಅವಳು ತಿನ್ನುವಳು. ನಾನು ಆಚೆ ಮುಖ ಮಾಡಿ ನಿಲ್ಲುವೆ. ಎರಡು ವರ್ಷ ಹೀಗೇ ನಡೆಯಿತು. ಇಬ್ಬರೂ ಆಡಿದ ಮಾತು ಒಂದು ಗೋಣಿಚೀಲ ತುಂಬಿರಲಿಕ್ಕಿಲ್ಲ.

ನನ್ನ ತಾಯಿ ಹನಮವ್ವನಿಗೆ ನಾನು ಒಬ್ಬನೇ ಮಗ. ಮೊದಲ ಮದುವೆಯ ಹುಡುಗಿಯನ್ನೇ ತರಬೇಕು, ವಾಜಂತ್ರಿ ಊದಿಸಬೇಕು ಅಂತ ಅವಳ ಆಸೆ. ಅವಳಿಗೆ ಹೇಗೆ ಹೇಳಲಿ ಅನ್ನುವ ಅಂಜಿಕೆ ಒಂದು. ಕಾರ್ಖಾನೆಯವರು ಚೇಷ್ಟೆ ಮಾಡುತ್ತಾರೆ ಅನ್ನುವ ನಾಚಿಕೆ ಇನ್ನೊಂದು. ಈಗ ನೆನೆದರೆ ಎರಡೂ ಕಾಳಿನಷ್ಟು ಸಣ್ಣವು.

ಸ್ವಾತಂತ್ರ್ಯ ಬಂದ ಮರುವರ್ಷ ಸಂಸ್ಥಾನಗಳು ಹೋದವು. ಅಲ್ಲಿಯವರೆಗೆ ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜದವರದು. ಗದಗಿನಿಂದ ಅರ್ಧ ದಿನ ಚಕ್ಕಡಿ ಹೊಡೆದರೆ ಬೇರೆ ರಾಜನ ಸೀಮೆ. ಎಲ್ಲ ಮುಂಬಯಿ ಪ್ರಾಂತಕ್ಕೆ ಸೇರಿದ್ದೇ ತಡ, ಹಳೆಯ ಹೆಸರಿನ ಬೋರ್ಡು ಇಳಿದು ಹೊಸವು ಏರಬೇಕಾದವು. ನಮಗೆ ಉಸಿರಾಡಲು ಪುರಸೊತ್ತಿಲ್ಲ. ಕಬ್ಬಿಣಕ್ಕೆ ಪರವಾನಿಗೆ ಬೇಕಿದ್ದ ಕಾಲ. ಎಣಿಸಿ ಕೊಟ್ಟಷ್ಟೇ ತಗಡು, ಒಂದು ಕೆಟ್ಟರೆ ಇನ್ನೊಂದಿಲ್ಲ.

ಆ ಗಡಿಬಿಡಿಯಲ್ಲೇ ಒಂದು ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಉಡಚವ್ವ, "ಅಮಾಸಿಗೆ ನಮ್ಮಣ್ಣ ಬರಾಕತ್ತಾನ" ಅಂದಳು.

"ಯಾಕ?"

"ಮುಂಡರಗ್ಯಾಗ ಒಬ್ಬಾಂವ ಅದಾನಂತ. ಕಚೇರಿ ಸಿಪಾಯಿ. ಹೇಣ್ತಿ ತೀರಿಕೊಂಡಾಳಂತ. ಉಡಕಿಗೆ ಕೇಳ್ಯಾರ."

ನಾನು ಬೇವಿನ ಗಿಡದ ತೊಗಟೆ ಕೀಳುತ್ತ ನಿಂತೆ.

"ಅಣ್ಣಗ ಹೇಳೇನಿ, ಅಮಾಸಿತನ ತಡಿ ಅಂತ. ಮತ್ಯಾರರ ಕೇಳೋರು ಇದ್ರ ಅದರೊಳಗ ಕೇಳಬೇಕು."

ಇದಕ್ಕಿಂತ ಬಿಚ್ಚಿ ಒಬ್ಬ ಹೆಣ್ಣುಮಗಳು ಏನು ಹೇಳಿಯಾಳು? "ಅಮಾಸಿ ಇನ್ನಾ ಎಂಟು ದಿನ ಐತಲ್ಲ" ಅಂದೆ ನಾನು. ಪಂಚಾಂಗ ನೋಡುವ ಜೋಯಿಸನ ಹಾಗೆ. ಅವಳು ಎಲೆ ಮಡಚಿಟ್ಟು ಒಳಗೆ ಹೋದಳು. ಎಂಟು ದಿನದಲ್ಲಿ ಆರು ದಿನ ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಅನ್ನುವುದರಲ್ಲೇ ಕಳೆದವು.

ಏಳನೇ ದಿನ ಶಿರಹಟ್ಟಿ ಕಚೇರಿಯ ಬೋರ್ಡಿನ ಸರದಿ. ಅದೇ ಕೊನೆಯ ದೊಡ್ಡ ತಗಡು. ಅಂದೂ ಮಿರ್ಚಿ ತಂದೆ. ಅವಳು ತಿಂದಳು. ಸಂಜೆ ಮೊದಲ ಲೇಪದ ತಗಡನ್ನು ಭಟ್ಟಿಯಿಂದ ಎಳೆದೆ. ಕೆಂಪು ಇಳಿದು ಕಪ್ಪುನೀಲಿ ಹೊಳಪು ಮೂಡುತ್ತ ಬಂತು. ಬಲಗಡೆಯ ಕೆಳಮೂಲೆಯಲ್ಲಿ ಮಾತ್ರ ಒಂದು ಹೆಬ್ಬೆಟ್ಟಿನಷ್ಟು ಜಾಗ ಬೋಳು. ಸುತ್ತಲೂ ಗಾಜು ದಂಡೆ ಕಟ್ಟಿ ಹಿಂದೆ ಸರಿದು ನಿಂತಿತ್ತು. ಬರಿಗಬ್ಬಿಣ ಬೆಂಕಿಗೆ ಸಿಕ್ಕು ಅಲ್ಲಿ ದಪ್ಪ ಕಿಟ್ಟ ಕಟ್ಟಿತ್ತು. ಅದರ ಮೇಲೆ ಮತ್ತೆ ಲೇಪ ಹಚ್ಚಿ ಸುಟ್ಟೆವು. ತಣ್ಣಗಾಗುವಾಗ ಟಿಕ್ ಅಂತ ಹಾರಿಬಿತ್ತು.

ಖಾಸಿಂಸಾಬರು ಯಾವಾಗಲೂ ಮೆತ್ತಗೆ ಮಾತಾಡುವವರು. ಅಂದು ಕೂಗಿದರು. "ಯಾರ ಕೈ ಇದು? ಯಾರು ಮುಟ್ಟೀರಿ?"

ಉಡಚವ್ವ ಮುಂದೆ ಬಂದಳು. "ನಂದ್ರಿ."

"ಏನು ಹಚ್ಚಿಕೊಂಡಿದ್ದಿ ಕೈಗೆ?"

"ಮಿರ್ಚಿ ಎಣ್ಣಿರಿ."

"ಮಿರ್ಚಿ ಎಲ್ಲಿಂದ ಬಂತು ಇಲ್ಲಿಗೆ? ನೀ ಎಂದೂ ಹೊರಗ ಹೋದಾಕಿ ಅಲ್ಲ. ಯಾರು ತಂದ್ರು?"

ಅವಳು ತಿರುಗಿ ನನ್ನನ್ನು ನೋಡಿದಳು. ಎಂಟು-ಹತ್ತು ಜನ ಇದ್ದರು. ನನ್ನ ಅಂಗಿಯ ಕಿಸೆಯಲ್ಲಿ ಎಲೆ ಕಟ್ಟಿದ ದಾರ ಇನ್ನೂ ಇತ್ತು. 'ನಾ ತಂದೆ' ಅಂದರೆ 'ಯಾಕೆ ತಂದಿ' ಅನ್ನುತ್ತಾರೆ. ಅದಕ್ಕೆ ಉತ್ತರ ಒಂದೇ. ಆ ಒಂದು ಉತ್ತರಕ್ಕೆ ನಾನು ಎರಡು ವರ್ಷದಿಂದ ದಾರಿ ಹುಡುಕುತ್ತಿದ್ದೆ, ಈಗ ದಾರಿಯೇ ಬಂದು ನನ್ನ ಮುಂದೆ ನಿಂತಿತ್ತು. ನಾನು ಬಗ್ಗಿ ಭಟ್ಟಿಗೆ ಕಲ್ಲಿದ್ದಲು ಹಾಕತೊಡಗಿದೆ.

ಖಾಸಿಂಸಾಬರು ಅವಳಿಗೆ ಅಂದದ್ದೆಲ್ಲವನ್ನೂ ಅವಳೊಬ್ಬಳೇ ನಿಂತು ಕೇಳಿಸಿಕೊಂಡಳು. ಬೋಳು ಜಾಗಕ್ಕೆ ಎಣ್ಣೆಬಣ್ಣ ಹಚ್ಚಿ ಬೋರ್ಡನ್ನು ಹೇಗೋ ಮುಗಿಸಿ ಕಳಿಸಿದೆವು. ಮರುದಿನ ಅಮಾವಾಸ್ಯೆ. ಅವಳು ಬರಲಿಲ್ಲ. ಅಣ್ಣ ಗಾಳೆಪ್ಪ ಬಂದು ಕರೆದುಕೊಂಡು ಹೋದನಂತೆ. ತಿಂಗಳೊಪ್ಪತ್ತಿನಲ್ಲಿ ಮುಂಡರಗಿಯಲ್ಲಿ ಉಡಕಿಯಾಯಿತು ಅಂತ ಖಬರು ಬಂತು.

ಆಮೇಲಿನ ಎಂಟು ವರ್ಷ ನಾನು ಏನು ಮಾಡಿದೆ ಅಂದರೆ, ಬೋರ್ಡು ಮಾಡಿದೆ. ಅವ್ವ ತೋರಿಸಿದ ಮೂರು ಕನ್ಯೆಗಳನ್ನು ಮೂರು ಕುಂಟುನೆಪ ಹೇಳಿ ಬಿಟ್ಟೆ. ನಾಲ್ಕನೆಯದನ್ನು ತೋರಿಸುವ ಮೊದಲೇ ಅವ್ವ ತೀರಿಹೋದಳು. ವರ್ಷಕ್ಕೆ ಮೂರು ನಾಲ್ಕು ಸಲ ಶಿರಹಟ್ಟಿಗೆ ಹೋಗುತ್ತಿದ್ದೆ. ಅಲ್ಲಿನ ಮಠದ ಫಕೀರೇಶನ ದರ್ಶನಕ್ಕೆ ಅನ್ನುತ್ತಿದ್ದೆ, ದರ್ಶನವನ್ನೂ ಮಾಡುತ್ತಿದ್ದೆ. ಆಮೇಲೆ ಕಚೇರಿಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಎಣ್ಣೆಬಣ್ಣ ಎರಡನೇ ಮಳೆಗೇ ಸುಲಿದಿತ್ತು. ಬಿಳಿ ಬೋರ್ಡಿನ ಮೂಲೆಯಲ್ಲಿ ಅವಳ ಹೆಬ್ಬೆಟ್ಟು ಕೆಂಪಗೆ ತುಕ್ಕು ಹಿಡಿದು ಕಾಣುತ್ತಿತ್ತು. ಮಳೆ ಬಂದಾಗ ಅಲ್ಲಿಂದ ಒಂದು ಕೆಂಪು ಗೆರೆ ಕೆಳಗೆ ಇಳಿದಿರುತ್ತಿತ್ತು. ಅರ್ಜಿ ಹಿಡಿದು ಬಂದವರ ಸಾಲಿನಲ್ಲಿ ನಿಂತು ಅದನ್ನು ನೋಡಿ, ಅರ್ಜಿಯಿಲ್ಲದೆ ತಿರುಗಿ ಬರುತ್ತಿದ್ದೆ. ನಾನು ಹಾಗೆ ನಿಂತಿದ್ದನ್ನು ನೋಡಿದ ಒಬ್ಬ ಗುಮಾಸ್ತ ಒಮ್ಮೆ, "ಓದಾಕ ಬರಂಗಿಲ್ಲೇನು? ಓದಿ ಹೇಳ್ಲ್ಯಾ?" ಅಂತ ಕೇಳಿದ್ದ. ಬೈಯಬೇಕು ಅನ್ನಿಸಿತು; "ಬ್ಯಾಡ್ರಿ, ಬಾಯಿಪಾಠ ಆಗೇತಿ" ಅಂದೆ.

ಐವತ್ತಾರರ ನವೆಂಬರಿನಲ್ಲಿ ಕನ್ನಡ ಸೀಮೆಯೆಲ್ಲ ಒಂದಾಯಿತು. ಗದಗಿನಲ್ಲಿ ಪೇಢೆ ಹಂಚಿದರು, ಹಿರಿಯರು ಕಣ್ಣೀರು ಹಾಕಿಕೊಂಡರು. ನಮ್ಮ ಕಾರ್ಖಾನೆಗೆ ಮಾತ್ರ ಮತ್ತೆ ಅದೇ ಗಡಿಬಿಡಿ. ಮುಂಬಯಿ ಸರಕಾರ ಅಂತ ಇದ್ದದ್ದು ಎಲ್ಲ ಕಡೆ ಮೈಸೂರು ಸರಕಾರ ಆಗಬೇಕು. ಹೊಸ ತಗಡು ಸಾಲಲಿಲ್ಲ. ಹಳೆಯ ಬೋರ್ಡುಗಳನ್ನೇ ಇಳಿಸಿ ಕಳಿಸಿದರು, ಗಾಜು ಬಿಡಿಸಿ ಮತ್ತೆ ಕೂರಿಸಲು. ಖಾಸಿಂಸಾಬರಿಗೆ ಆಗ ಕಣ್ಣು ಮಂಜಾಗಿತ್ತು. ಯಾವ ಕಬ್ಬಿಣ ಯಾವ ಊರಿಗೆ ಅನ್ನುವುದು ನನ್ನ ಕೈಯಲ್ಲಿತ್ತು.

ಚಕ್ಕಡಿಯಿಂದ ಇಳಿಸಿದ ರಾಶಿಯಲ್ಲಿ ಶಿರಹಟ್ಟಿಯ ಬೋರ್ಡು ಇತ್ತು. ಅದನ್ನು ಬೇರೆ ತೆಗೆದಿಟ್ಟೆ. ಮುಂಡರಗಿಯ ಬೋರ್ಡಿಗೆ ಅದೇ ಅಳತೆ. ಅವಳ ಹೆಬ್ಬೆಟ್ಟು ಬಿದ್ದ ಕಬ್ಬಿಣ ಅವಳ ಊರಿನಲ್ಲೇ ಇರಲಿ ಅಂದುಕೊಂಡೆ. ನಾನೇ ಹೋಗಿ ಹಚ್ಚಿ ಬರುತ್ತೇನೆ, ಅವಳು ಕಂಡರೆ ಆ ಒಂದು ಮಾತು ಹೇಳಿಬಿಡುತ್ತೇನೆ ಅಂತಲೂ ಅಂದುಕೊಂಡೆ. ಎಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತು. ಹೇಳಿದರೆ ಏನಾದರೂ ಆಗುತ್ತದೆ ಅನ್ನುವ ಆಸೆ ಇರಲಿಲ್ಲ, ಹೇಳಬೇಕಿತ್ತು.

ಕುದಿಯುವ ಕಾಸ್ಟಿಕ್ ಸೋಡಾ ನೀರಿನಲ್ಲಿ ಹಾಕಿ, ಸುತ್ತಿಗೆಯಿಂದ ಬಡಿದು, ಹಳೆಯ ಗಾಜನ್ನೆಲ್ಲ ಬಿಡಿಸಿದೆ. ಹೆಬ್ಬೆಟ್ಟಿನ ಜಾಗದಲ್ಲಿ ತುಕ್ಕು ಕಬ್ಬಿಣವನ್ನೇ ತಿಂದು ತಗ್ಗು ಮಾಡಿತ್ತು. ತುಕ್ಕನ್ನೆಲ್ಲ ಕೆರೆದು, ಅರದಿಂದ ಉಜ್ಜಿ, ಕನ್ನಡಿಯ ಹಾಗೆ ಹೊಳೆಯುವವರೆಗೆ ತಿಕ್ಕಿದೆ. ಲೇಪ ಹಚ್ಚಿ ಸುಟ್ಟೆ. ಗಾಜು ಹನಿಗಟ್ಟಿ ಜಾರಿತು. ಮತ್ತೂ ತಿಕ್ಕಿದೆ. ಮತ್ತೂ ಜಾರಿತು. ಸಿಟ್ಟಿಗೆದ್ದು ಇಕ್ಕಳ ಬೀಸಿ ಒಗೆದೆ.

ಮೂಲೆಯಲ್ಲಿ ಕೂತಿದ್ದ ಖಾಸಿಂಸಾಬರು ಸದ್ದು ಕೇಳಿ, "ಎಷ್ಟ ತಿಕ್ಕಿದಿಪಾ?" ಅಂದರು.

"ಫಳಫಳ ಅನ್ನೂತನ."

"ಭಟ್ಟಿ ಕೆಲಸಕ್ಕ ಬಂದು ಇಪ್ಪತ್ತು ವರ್ಷ ಆತು, ಇನ್ನಾ ತೀರ ಚೊಕ್ಕ ಮಾಡಾಕ ಹೋಗ್ತಿಯಲ್ಲೋ. ಒಂದು ದಿನ ಹಸಿ ಗೋಣಿಚೀಲದ ಕೆಳಗ ಇಡು. ಗಾಳಿ ನೀರು ಒಂದೀಟು ಅದನ್ನ ಮುಟ್ಟಲಿ."

ಇಟ್ಟೆ. ಮರುದಿನ ತೆಗೆದರೆ ಜೇನಿನ ಬಣ್ಣದ ತೆಳು ಕಿಲುಬು, ಕಂಡೂ ಕಾಣದ ಹಾಗೆ. ಕೈಗೆ ಎರಡು ಪದರ ಅರಿವೆ ಸುತ್ತಿಕೊಂಡು ಲೇಪ ಹಚ್ಚಿದೆ. ಭಟ್ಟಿಯ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದೆ. ಪುಡಿ ಮೊದಲು ಮಂಕಾಯಿತು, ಆಮೇಲೆ ಒದ್ದೆಯಾಯಿತು, ಆಮೇಲೆ ಆ ತಗ್ಗಿನ ಕಡೆಗೆ ನಾಲ್ಕೂ ಕಡೆಯಿಂದ ಇಳಿದು ತುಂಬಿತು. ತಣ್ಣಗಾದ ಮೇಲೆ ಸುತ್ತಿಗೆಯ ತುದಿಯಿಂದ ತಟ್ಟಿದೆ. ಸುತ್ತಲಿನದಕ್ಕಿಂತ ಅಲ್ಲೇ ಗಟ್ಟಿ. ಬಿಳಿ ಲೇಪವಾಗಿ, ಅಕ್ಷರ ಬರೆದ ಮೇಲೂ ಬೆಳಕು ಓರೆಯಾಗಿ ಬಿದ್ದರೆ ಮೂಲೆಯಲ್ಲಿ ಒಂದು ಸಣ್ಣ ತಗ್ಗು ಕಾಣುತ್ತಿತ್ತು. ಗೊತ್ತಿದ್ದವರಿಗೆ ಮಾತ್ರ.

ಮುಂಡರಗಿಯ ಕಚೇರಿಯಲ್ಲಿ ಬೋರ್ಡು ಇಳಿಸಿಕೊಳ್ಳಲು ಬಂದ ಸಿಪಾಯಿಯ ಹೆಸರು ಮೂಕಪ್ಪ. ಹೆಸರಷ್ಟೇ ಮೂಕ, ಬಾಯಿ ತುಂಬ ಮಾತು. "ಬೇಟಗೇರಿ ಖಾಸಿಂಸಾಬ್ರ ಕಾರ್ಖಾನೇದವರೇನ್ರಿ? ನಮ್ಮ ಮನ್ಯಾಕಿನೂ ಮೊದಲ ಅಲ್ಲೇ ಇದ್ಲ್ರಿ! ತಡೀರಿ, ಕರಿತೀನಿ, ಆಕಿಗೆ ಭಾಳ ಖುಷಿ ಆಗ್ತೈತಿ" ಅಂದ. ಅವನನ್ನು ದ್ವೇಷಿಸಬೇಕು ಅಂತ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಅವನು ಬಿಸಿಲಲ್ಲಿ ಬಂದಿದ್ದೀರಿ ಅಂತ ತನ್ನ ಟಾವೆಲಿನಿಂದ ಕಟ್ಟೆ ಒರೆಸಿ ನನ್ನನ್ನು ಕೂರಿಸಿದ.

ಮನೆ ಕಚೇರಿಯ ಹಿಂದೆಯೇ. ಉಡಚವ್ವ ತಂಬಿಗೆಯಲ್ಲಿ ನೀರು, ಕೈಯಲ್ಲಿ ಬೆಲ್ಲ ಹಿಡಿದು ಬಂದಳು. ತುಸು ಮೈ ತುಂಬಿತ್ತು. ಕಿವಿಯ ಹತ್ತಿರ ನಾಲ್ಕು ಕೂದಲು ಬೆಳ್ಳಗೆ. ಮೂಕಪ್ಪ ನಿಚ್ಚಣಿಕೆ ತರುತ್ತೇನೆ ಅಂತ ಹೋದ.

"ಆರಾಮ ಅದೀರಿ?" ಅಂದಳು. ಮೊದಲು ಬಹುವಚನ ಇರಲಿಲ್ಲ.

"ಅದೇನಿ. ನೀ?"

"ಛಲೋ ಇಟ್ಟಾರ. ಎರಡು ಹುಡುಗ್ರು."

ಬೋರ್ಡು ಗೋಡೆಗೆ ಆನಿಸಿತ್ತು. ಅವಳು ಬಗ್ಗಿ ನೋಡಿದಳು. ಗಾಜು ಬೀಸಿದವಳ ಕಣ್ಣು, ಸುಮ್ಮನೆ ಬಿಡುತ್ತದೆಯೇ? ಬೆಳಕಿಗೆ ತಲೆ ಓರೆ ಮಾಡಿದಳು. ಕೆಳಮೂಲೆಗೆ ಕೈ ಚಾಚಿ ಆ ತಗ್ಗಿನಲ್ಲಿ ಹೆಬ್ಬೆಟ್ಟು ಇಟ್ಟಳು. ಸರಿಯಾಗಿ ಕೂತಿತು.

"ಇದು ಶಿರಹಟ್ಟಿದು" ಅಂದಳು.

"ಹೂಂ."

ನಿಚ್ಚಣಿಕೆ ಎಳೆಯುವ ಸದ್ದು ದೂರದಲ್ಲಿ ಕೇಳಿಸಿತು. ಇನ್ನು ತಡ ಮಾಡಿದರೆ ಮತ್ತೆ ಎಂಟು ವರ್ಷ ಅಂತ ನನಗೆ ಗೊತ್ತಿತ್ತು. "ಉಡಚವ್ವಾ, ಅವತ್ತು ನಾ ಹೇಳಬೇಕಿತ್ತು. ಮಿರ್ಚಿ ನಾ ತಂದಿದ್ದೆ ಅಂತ. ನೀ ಕೈ ಸರಿ ತೊಳಕೊಂಡಿರಲಿಲ್ಲ, ಮರತು ಮುಟ್ಟಿದಿ. ತಪ್ಪು ನಂದು. ನೀ ಒಬ್ಬಾಕಿನs ಬೈಸಿಕೊಂಡಿ" ಅಂದೆ.

ಅವಳು ಹೆಬ್ಬೆಟ್ಟು ತೆಗೆಯಲಿಲ್ಲ.

"ನಾ ಕೈ ತೊಳಕೊಂಡಿದ್ದೆ" ಅಂದಳು.

"ಏನು?"

"ಸೀಗಿಪುಡಿ ಹಚ್ಚಿ, ಎರಡು ಸಲ ತೊಳಕೊಂಡಿದ್ದೆ. ಎರಡು ವರ್ಷ ದಿನಾ ತಿಂದಾಕಿ, ಒಂದ ದಿನಾನೂ ಮರತಿರಲಿಲ್ಲ. ಅವತ್ತು ಮತ್ತ ಎಲಿ ಬಿಚ್ಚಿ, ಎಣ್ಯಾಗ ಹೆಬ್ಬಟ್ಟು ಅದ್ದಿ, ಇಲ್ಲಿ ಒತ್ತಿದೆ. ಸಾಬ್ರು ಯಾರು ತಂದ್ರು ಅಂತ ಕೇಳೇ ಕೇಳ್ತಾರ, ನಿಮ್ಮ ಬಾಯಿಂದ ಅದೊಂದು ಮಾತು ಹೊರಗ ಬರ್ತೈತಿ ಅಂತ ತಿಳದಿದ್ದೆ."

ಏನಾದರೂ ಅನ್ನಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಮೂಕಪ್ಪ ನಿಚ್ಚಣಿಕೆ ತಂದು ಗೋಡೆಗೆ ಆನಿಸಿದ. ಅವಳು ಕೈ ತೆಗೆದು, ಸೆರಗಿನ ತುದಿಯಿಂದ ಬೋರ್ಡಿನ ಮೂಲೆ ಒರೆಸಿದಳು.

ನಾನು ಮೇಲೆ ಹತ್ತಿ ಮೊಳೆ ಹೊಡೆದೆ. ಕೆಳಗಿನಿಂದ ಮೂಕಪ್ಪ, "ಬಲಕ್ಕ ಒಂದೀಟು ಎತ್ರಿ, ಹಾಂ, ಆತು" ಅನ್ನುತ್ತಿದ್ದ. ನಾನು ಇಳಿದ ಮೇಲೆ ಅವನು ತಲೆಯೆತ್ತಿ ಬೋರ್ಡು ನೋಡಿ ಸಂತೋಷಪಟ್ಟ.

"ಇಲ್ಲಿ ಮೊದಲಿದ್ದ ನಮ್ಮ ಬೋರ್ಡು ಒಂದು ಮೂಲ್ಯಾಗ ಚಕ್ಕಿ ಎದ್ದಿತ್ತು ನೋಡ್ರಿ. ಇದೂ ಹಂಗs ಬಿಡ್ತೈತೇನ್ರಿ?"

ಉಡಚವ್ವ ಖಾಲಿ ತಂಬಿಗೆ ಹಿಡಿದು ನಿಂತಿದ್ದಳು, ನನ್ನ ಉತ್ತರ ಕೇಳಿಕೊಂಡೇ ಹೋಗುವವಳ ಹಾಗೆ.

"ಇಲ್ರಿ" ಅಂದೆ. "ಗಾಜು ಸರಿ ಕೂತೈತಿ. ಇನ್ನ ಬಿಡಂಗಿಲ್ಲ."

ಅವಳು ತಲೆಯಾಡಿಸಿ ಮನೆಯ ಕಡೆಗೆ ಹೋದಳು.